ಗೋಡೆ ಬಾಗಿದ ಜಾಗ

"ಈ ಜಾಗದಾಗೆ ಬಾವಿ ಎಲ್ಲೈತೆ, ರಂಗೇಶ್?"

ಗೋಡೆಯ ನಕ್ಷೆಯ ಮೇಲೆ ಬೆರಳಿಟ್ಟು ಸುಮಿತ್ರಾ ಕೇಳಿದ್ದು ಮೆಲ್ಲಗೇ. ಆದರೂ ಸರ್ವೇಯರ್ ರಂಗೇಶನ ಕೈಯಲ್ಲಿದ್ದ ಟೀ ಲೋಟ ತುಳುಕಿ, ಅರ್ಧ ಟೀ ಅವನ ಬಿಳಿ ಅಂಗಿಯ ಮೇಲೆ ಚೆಲ್ಲಿತು.

"ಬಾವೀನಾ? ಯಾವ ಬಾವಿ ಮೇಡಂ? ಅಲ್ಲಿ ಬಾವಿಗೀವಿ ಏನಿಲ್ಲ. ನಾನೇ ಟೇಪ್ ಹಿಡಿದು ಅಳದೀನಿ."

"ಇಲ್ಲ ಅಂತಾದ್ರೆ ಅಂಗಿ ಯಾಕ್ರಿ ಒದ್ದೆ ಮಾಡ್ಕಂತೀರಿ?"

ರಂಗೇಶ್ ಕರ್ಚೀಫು ಹುಡುಕತೊಡಗಿದ. ಎಡಜೇಬಿನಲ್ಲಿದ್ದ ಕರ್ಚೀಫನ್ನು ಬಲಜೇಬಿನಲ್ಲಿ ಮೂರು ಸಲ ಹುಡುಕಿದ.

ಚಿತ್ರದುರ್ಗದ ಆ ಹಳೆಯ ಎಣ್ಣೆ ಮಿಲ್ಲಿನ ಗೋಡೌನಿನಲ್ಲಿ ಈಗ ಹಿಂಡಿಯ ವಾಸನೆ ಹೋಗಿ ಹೊಸ ಪೇಂಟಿನ ವಾಸನೆ ತುಂಬಿತ್ತು. ನಾಲ್ಕೂ ಗೋಡೆಗೆ, ಕೊನೆಯ ಸುತ್ತಿಗೆ ಆಯ್ದ ಅರವತ್ತು ನಕ್ಷೆಗಳು. ತೀರ್ಪುಗಾರರು ಊಟಕ್ಕೆ ಎದ್ದುಹೋಗಿದ್ದರು. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಫಲಿತಾಂಶ. ಆದರೆ ಈ ಸ್ಪರ್ಧೆಯ ನೋಂದಣಿ ನೋಡಿಕೊಳ್ಳುತ್ತಿದ್ದ ಶರಣ್ ಕಾಣೆಯಾಗಿ ಇವತ್ತಿಗೆ ಹತ್ತೊಂಬತ್ತು ದಿನ.

ಮತ್ತೋಡಿನಲ್ಲಿ ಗಾಜಿನ ಬಳೆಯ ಹಳೆಯ ಕುಲುಮೆಗಳ ದಿಬ್ಬದ ಪಕ್ಕ ಒಂದು ಮ್ಯೂಸಿಯಂ ಕಟ್ಟಬೇಕು, ಅದಕ್ಕೆ ಪ್ರಪಂಚದ ಯಾರು ಬೇಕಾದರೂ ನಕ್ಷೆ ಕಳಿಸಬಹುದು ಎಂದು ಕುಲುಮೆ ಟ್ರಸ್ಟ್ ಸಾರಿತ್ತು. ಮುನ್ನೂರ ಎಂಬತ್ತು ನಕ್ಷೆ ಬಂದವು, ನಲವತ್ತೊಂದು ದೇಶದಿಂದ. ಒಂದರ ಮೇಲೂ ಹೆಸರಿಲ್ಲ. ಹೆಸರಿರಲಿ, ಊರಿನ ಸುಳಿವು, ಸಹಿ, ಮೂಲೆಯಲ್ಲೊಂದು ಗುರುತಿನ ಗೀಟು ಇದ್ದರೂ ಆ ನಕ್ಷೆ ಹೊರಕ್ಕೆ. ಯಾರಿಗಾದರೂ ಸಂಶಯ ಬಂದು ಪ್ರಶ್ನೆ ಕೇಳಿದರೆ, ಕೇಳಿದವರ ಹೆಸರು ತೆಗೆದು, ಪ್ರಶ್ನೆ ಉತ್ತರ ಎರಡನ್ನೂ ಎಲ್ಲರಿಗೂ ಒಂದೇ ದಿನ ಕಳಿಸಬೇಕು. ಹೆಣ್ಣು ನೋಡುವ ಶಾಸ್ತ್ರದಲ್ಲೂ ಇಷ್ಟು ಮಡಿ ಇರುವುದಿಲ್ಲ.

ಯಾವ ನಂಬರು ಯಾರದು ಎಂದು ಗೊತ್ತಿದ್ದದ್ದು ಭೂಮಿಯ ಮೇಲೆ ಒಬ್ಬನಿಗೆ, ಶರಣನಿಗೆ. ಹೆಸರಿನ ಚೀಟಿಗಳೆಲ್ಲ ಮೊಹರು ಮಾಡಿದ ಕವರಿನಲ್ಲಿ, ಕವರುಗಳೆಲ್ಲ ಕಬ್ಬಿಣದ ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆಯನ್ನು ತೀರ್ಪು ಬರೆದಾದ ಮೇಲೆ, ಎಲ್ಲರೆದುರು, ತೀರ್ಪುಗಾರರ ಅಧ್ಯಕ್ಷೆ ತೆಗೆಸಬೇಕು. ಪೋರ್ಚುಗಲ್ಲಿನ ಆ ಮುದುಕಿ ಪೆಟ್ಟಿಗೆಯನ್ನು ತನ್ನ ಕೋಣೆಯಲ್ಲೇ ಇಟ್ಟುಕೊಂಡು ಕೂತಿದ್ದರು, ಯಾರು ಕೇಳಿದರೂ ಕೊಟ್ಟಿರಲಿಲ್ಲ.

ಸುಮಿತ್ರಾ ಮತ್ತೆ ನೂರಾ ಹದಿನೇಳನೇ ನಕ್ಷೆಯ ಕಡೆ ತಿರುಗಿದಳು. ಹದಿನಾರು ವರ್ಷ ಪೊಲೀಸ್ ಇಲಾಖೆಯಲ್ಲಿ ಬೆರಳಚ್ಚು ನೋಡಿ ಕಣ್ಣು ಸವೆಸಿ, ಈಗ ದುರ್ಗದ ಟಿಫಿನ್ ಹೋಟೆಲೊಂದರ ಮಹಡಿಯಲ್ಲಿ ಬೋರ್ಡು ಹಾಕಿಕೊಂಡು ವರನ ಕಡೆಯವರ ಗುಣಾವಗುಣ ವಿಚಾರಿಸಿಕೊಡುತ್ತಿದ್ದ ಹೆಂಗಸು ಅವಳು. ವಾಸ್ತುಶಿಲ್ಪದ ಅ ಆ ಇ ಈ ಗೊತ್ತಿರಲಿಲ್ಲ. ಗೀಟು ನೋಡುವುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಈ ನಕ್ಷೆಯ ಉತ್ತರದ ಗೋಡೆ ನೆಟ್ಟಗೆ ಬರುತ್ತಿತ್ತು. ಒಂದು ಕಡೆ ಇದ್ದಕ್ಕಿದ್ದಂತೆ ಬಾಗಿ, ಸಣ್ಣದೊಂದು ಅಂಗಳವನ್ನು ಹೊರಗೆ ಬಿಟ್ಟು, ಮತ್ತೆ ನೆಟ್ಟಗಾಗಿತ್ತು. ಆ ಅಂಗಳದಲ್ಲಿ ಗಿಡವಿಲ್ಲ, ಕೂರಲು ಕಲ್ಲಿಲ್ಲ. ನಡುವೆ ಒಂದು ಪುಟ್ಟ ಸೊನ್ನೆ. ಪಕ್ಕದ ಚಿತ್ರದಲ್ಲಿ ಅದೇ ಸೊನ್ನೆ ನೆಲದಿಂದ ಮೊಣಕಾಲೆತ್ತರಕ್ಕೆ ಎದ್ದ ಕೊಳವೆಯಾಗಿತ್ತು, ತುದಿ ಬಾಗಿದ ಕೊಳವೆ.

ತೀರ್ಪುಗಾರರ ಟಿಪ್ಪಣಿಯನ್ನು ಟ್ರಸ್ಟಿನವರು ಕನ್ನಡಕ್ಕೆ ತಿರುಗಿಸಿ ಕೆಳಗೆ ಅಂಟಿಸಿದ್ದರು: 'ಈ ಗೋಡೆ ಯಾವುದಕ್ಕೋ ಜಾಗ ಬಿಟ್ಟಿದೆ. ಯಾವುದಕ್ಕೆಂದು ಹೇಳದಿರುವುದೇ ಇದರ ಚೆಲುವು.'

ಚೆಲುವಂತೆ ಚೆಲುವು! ಪಾಪ, ಆ ಮುದುಕಿಗೆ ಏನು ಗೊತ್ತು. ಹಿರೇಗುಂಟನೂರಿನಲ್ಲಿ ಸುಮಿತ್ರಾಳ ಸೋದರಮಾವ ಹಿತ್ತಿಲ ಬಾವಿ ಮುಚ್ಚಿಸಿದ ದಿನ ಅವಳಿಗೆ ಒಂಬತ್ತು ವರ್ಷ. ಮಣ್ಣು ಸುರಿಯುವ ಮೊದಲು ಬಾವಿಯ ತಳದಿಂದ ಮೇಲಿನವರೆಗೆ ಒಂದು ಕೊಳವೆ ನಿಲ್ಲಿಸಿದ್ದರು. ಒಳಗಿರುವ ಗಂಗಮ್ಮನಿಗೆ ಗಾಳಿ ಬೇಡವೇನೇ, ಹಂಗೇ ಮುಚ್ಚಿದ್ರೆ ಮನೆತನ ಉಳೀತದಾ ಎಂದು ಅಜ್ಜಿ ಗದರಿದ್ದರು. ಆ ಜಾಗದ ಮೇಲೆ ಇವತ್ತಿಗೂ ಗೋಡೆ ಎದ್ದಿಲ್ಲ, ಯಾರೂ ಏಳಿಸುವುದೂ ಇಲ್ಲ.

ಅಂದರೆ ಈ ನಕ್ಷೆ ಬರೆದವರು ಯಾವ ದೇಶದವರೂ ಅಲ್ಲ, ಈ ಸೀಮೆಯವರು. ಸ್ಪರ್ಧಿಗಳಿಗೆಲ್ಲ ಕಳಿಸಿದ ರಂಗೇಶನ ಅಳತೆಯಲ್ಲಿ ಬಾವಿಯೇ ಇಲ್ಲ. ಇಲ್ಲದ ಬಾವಿಯನ್ನು ಇವರು ಬಲ್ಲರು. ಮುಚ್ಚಿದ್ದನ್ನು ಕಣ್ಣಾರೆ ನೋಡಿದ್ದಾರೆ.

"ಕಾರ್ಯದರ್ಶಿಗಳನ್ನ ಕೇಳ್ರಿ ಮೇಡಂ. ಅವ್ರು ಹೇಳ್ದಷ್ಟು ಬರ್ಕೊಡೋನು ನಾನು, ಅಷ್ಟೇ," ಎಂದ ರಂಗೇಶ್. ಹೇಳಿ ಹೊರಗೆ ಹೋದ. ಕಿಟಕಿಯಾಚೆ ಅವನು ಫೋನನ್ನು ಕಿವಿಗಿಟ್ಟುಕೊಂಡು, ಬಾಯಿಗೆ ಅಂಗೈ ಅಡ್ಡ ಹಿಡಿದದ್ದು ಸುಮಿತ್ರಾಳಿಗೆ ಕಾಣಿಸಿತು.

ಅವಳು ಆ ನಕ್ಷೆಯ ಫೋಟೋವನ್ನು ಫೋನಿನಲ್ಲಿ ತೆಗೆದುಕೊಂಡಳು. ಮೇಜಿನ ಮೇಲಿದ್ದ ಕಿರುಪುಸ್ತಕವನ್ನೂ ಬಗಲಿಗೆ ಸೇರಿಸಿದಳು. ಅರವತ್ತು ನಕ್ಷೆಗಳನ್ನೂ ಅಚ್ಚು ಹಾಕಿಸಿ ತೀರ್ಪುಗಾರರಿಗಷ್ಟೇ ಕೊಟ್ಟಿದ್ದ ಪುಸ್ತಕ ಅದು. ಕಳ್ಳತನವೇ, ಇರಲಿ.

*

ಹೊರಗೆ ಕಾರಿನಲ್ಲಿ ದಾಕ್ಷಾಯಣಮ್ಮ ಕಾದಿದ್ದರು. ಹೊಳಲ್ಕೆರೆಯಲ್ಲಿ ಬ್ಲೌಸ್ ಹೊಲಿದು ಒಬ್ಬನೇ ಮಗ ಶರಣನನ್ನು ಆರ್ಕಿಟೆಕ್ಚರ್ ಓದಿಸಿದ ತಾಯಿ. ಅವನನ್ನು ಹುಡುಕಿಕೊಡಲು ಸುಮಿತ್ರಾಳನ್ನು ಗೊತ್ತುಮಾಡಿದವರು ಅವರೇ. ಹೊರಗಿನವರಿಗೆ ನಕ್ಷೆಯ ಹಾಲಿನೊಳಗೆ ಪ್ರವೇಶವಿಲ್ಲ ಎಂದು ಅವರನ್ನು ಮೂರು ದಿನದಿಂದಲೂ ಬಾಗಿಲಲ್ಲೇ ತಡೆದಿದ್ದರು.

"ಏನಾರ ಸಿಕ್ತಾ ಸುಮಿತ್ರಮ್ಮ?"

"ಒಂದು ದಾರಿ ಸಿಕ್ಕೈತೆ. ಮತ್ತೋಡಿಗೆ ಹೋಗಾಣ."

"ನನ್ನ ಮಗ ಹೆಸರಿನ ಪಟ್ಟಿ ಮಾರ್ಕಂಡು ಓಡಿಹೋದ ಅಂತ ನಮ್ಮ ಬೀದಿಯಾಗೆಲ್ಲ ಆಡ್ತಾರೆ. ಬ್ಲೌಸ್ ಕೊಡಾಕೆ ಬಂದೋರೂ ಅದನ್ನೇ ಕೇಳ್ತಾರೆ. ಅವ್ನು ಕಳ್ಳ ಅಲ್ಲ ಕಣ್ರಿ. ಬದುಕಿದ್ರೆ ಸಾಕು, ಬೇರೆ ಏನೂ ಬೇಡ ನಂಗೆ."

ಸುಮಿತ್ರಾ ಕಿರುಪುಸ್ತಕವನ್ನು ಹಿಂದಿನ ಸೀಟಿಗೆ ಎಸೆದು ಗಾಡಿ ತೆಗೆದಳು. ಹೊಳಲ್ಕೆರೆ, ಹೊಸದುರ್ಗ ದಾಟಿ ಮತ್ತೋಡು ಮುಟ್ಟಿದರು.

*

ಬಯಲಿಗೆ ತಂತಿ ಬೇಲಿ, ಟ್ರಸ್ಟಿನ ಬೋರ್ಡು, ತಗಡಿನ ಒಂದು ಶೆಡ್ಡು. ಮಧ್ಯಾಹ್ನದ ಬಿಸಿಲಿಗೆ ದಿಬ್ಬದ ಮೇಲಿನ ಗಾಜಿನ ಚೂರುಗಳು ಅಲ್ಲಲ್ಲಿ ಮಿನುಗುತ್ತಿದ್ದವು. ಮೊಣಕಾಲು ನೋವೆಂದು ದಾಕ್ಷಾಯಣಮ್ಮ ಕಾರಿನಲ್ಲೇ ಕೂತರು. ಕಾವಲಿಗಿದ್ದ ಬೋರಪ್ಪ ಎಂಬ ಮುದುಕ ಟವೆಲ್ ಕೊಡವುತ್ತಾ ಎದ್ದು ಬಂದ.

ಸುಮಿತ್ರಾ ಫೋನಿನ ಚಿತ್ರ ನೋಡುತ್ತಾ, ಈಶಾನ್ಯದ ಗಡಿಕಲ್ಲಿನಿಂದ ಹೆಜ್ಜೆ ಎಣಿಸಿದಳು. ಮೂವತ್ತೆಂಟಕ್ಕೆ ನಿಂತಳು. ಕಾಲ ಬುಡದಲ್ಲಿ ಕಡಿದು ಹಾಕಿದ ಜಾಲಿ ಮುಳ್ಳಿನ ಗುಡ್ಡೆ. ಸುತ್ತ ಎಲ್ಲೂ ಮುಳ್ಳು ಕಡಿದಿರಲಿಲ್ಲ, ಇಲ್ಲಿಗೆ ತಂದು ಹಾಕಿದ್ದರು.

"ಇದನ್ನ ಸರಿಸು ಬೋರಪ್ಪ."

"ಬ್ಯಾಡ್ರಿ ಅಮ್ಮಾರೆ. ಯಜಮಾನ್ರು ಮುಟ್ಟಬ್ಯಾಡ ಅಂದವ್ರೆ."

"ಅದಕ್ಕೇ ಸರಿಸು ಅಂದಿದ್ದು."

ಮುದುಕ ಕೋಲಿನಿಂದ ಮುಳ್ಳು ಎಳೆದ. ಕೆಳಗೆ ನೆಲದ ಮಟ್ಟಕ್ಕೆ ಕೊಯ್ದ ಕೊಳವೆಯ ಬಾಯಿ. ಅದರೊಳಗೆ ಗಟ್ಟಿಯಾಗಿ ಮೆತ್ತಿದ ಸಿಮೆಂಟು. ಸಿಮೆಂಟಿನ ಮೇಲೆ ಯಾರದೋ ಹೆಬ್ಬೆರಳು ಒತ್ತಿದ ಗುರುತು ಹಾಗೇ ಕೂತಿತ್ತು. ಸುಮಿತ್ರಾ ಬಗ್ಗಿ ಅದನ್ನು ಎರಡು ಸಲ ಫೋಟೋ ತೆಗೆದಳು. ಹಳೆಯ ಅಭ್ಯಾಸ.

"ಬಾವಿ ಯಾವಾಗ ಮುಚ್ಚಿದ್ದು?"

"ಯುಗಾದಿ ಆಗಿ ಒಂದು ವಾರಕ್ಕೆ. ಆವಾಗ ನಾನಿರಲಿಲ್ಲ, ಶಿವು ಅಂತ ಒಬ್ಬ ಕಾವಲಿದ್ದ. ಬಾವಿ ಮುಚ್ಚಿದ ದಿನವೇ ಅವ್ನು ಕೆಲಸ ಬಿಟ್ಟು ಬಳ್ಳಾರಿ ಕಡೆ ಹೋದ್ನಂತೆ. ಮಾರನೇ ದಿನ ನನ್ನ ಕರ್ಸಿದ್ರು."

"ಕೊಳವೆಗೆ ಯಾಕೆ ಸಿಮೆಂಟ್ ಹಾಕಿದ್ರು? ಗಂಗಮ್ಮನಿಗೆ ಅಂತ ಬಿಟ್ಟಿದ್ದಲ್ವಾ ಅದು?"

ಬೋರಪ್ಪ ದಿಬ್ಬದ ಕಡೆ ನೋಡಿದ. ಆಮೇಲೆ ತನ್ನ ಕಾಲಿನ ಕಡೆ ನೋಡಿದ.

"ಬಾವಿ ಮುಚ್ಚಿ ಐದಾರು ದಿನಕ್ಕೆ ಕೊಳವೆ ಒಳಗಿಂದ ನಾತ ಬಂತು ತಾಯಿ. ಇಲಿ ಸತ್ತಿರ್ಬೇಕು ಅಂದ್ಕಂಡೆ. ಇಲಿ ನಾತ ಅಷ್ಟು ದಿನ ಇರಾದಿಲ್ಲ. ನಾಯಿಗಳು ಬಂದು ಸುತ್ತ ಕೆರೀತಿದ್ವು. ಯಜಮಾನ್ರಿಗೆ ಹೇಳ್ದೆ. ತಾವೇ ಬಂದು, ತಾವೇ ಕೊಳವೆ ಕೊಯ್ದು, ತಾವೇ ಸಿಮೆಂಟ್ ಕಲಸಿ ಮೆತ್ತಿದ್ರು. ಅಂಥಾ ದೊಡ್ ಮನುಷ್ರು ಮಣ್ಣಾಗೆ ಕುಂತು ಕೈಯಾಗೆ ಮೆತ್ತೋದು ನಾನು ನೋಡಿದ್ದಿಲ್ಲ."

"ನೀನು ಯಾರಿಗೂ ಹೇಳ್ಲಿಲ್ಲ."

"ಯಾರಿಗೆ ಹೇಳ್ಲಿ?" ಮುದುಕನ ದನಿ ಇಳಿಯಿತು. "ಶಿವು ಬಳ್ಳಾರಿಗೆ ಹೋದ ಅಂತಾರೆ. ಅವ್ನ ಚಪ್ಪಲಿ ಇನ್ನೂ ಶೆಡ್ಡಾಗೇ ಅವೆ."

ಸುಮಿತ್ರಾ ಸಿಮೆಂಟಿನ ಮೇಲಿನ ಹೆಬ್ಬೆರಳ ಗುರುತನ್ನು ಮತ್ತೆ ನೋಡಿದಳು. ಯಾವ ಕಾರಣಕ್ಕೋ ಬಾವಿಯೊಳಗೆ ಒಬ್ಬ ಮನುಷ್ಯನನ್ನು ಹಾಕಿ ಮಣ್ಣೆಳೆಯಲು ಹಿಂಜರಿಯದವನು, ಗಂಗಮ್ಮನಿಗೆ ಹೆದರಿ ಕೊಳವೆ ಬಿಟ್ಟಿದ್ದಾನೆ. ಆ ಹೆದರಿಕೆ ಒಂದು ಇಲ್ಲದಿದ್ದರೆ ಈ ಬಯಲು ಬರೀ ಬಯಲಾಗಿಯೇ ಉಳಿಯುತ್ತಿತ್ತು. ಯಾರೋ ಮರೆಯಲ್ಲಿ ನಿಂತು ಅದನ್ನು ನೋಡಿದ್ದಾರೆ. ಬಾಯಿಬಿಟ್ಟು ಹೇಳಲು ಧೈರ್ಯವಾಗದೆ, ಹೆಸರಿಲ್ಲದ ನಕ್ಷೆಯಲ್ಲಿ ಬರೆದು ಕಳಿಸಿದ್ದಾರೆ.

ಬೇಲಿಯಾಚೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಬೋರಪ್ಪ ಟವೆಲ್ಲನ್ನು ಹೆಗಲಿಂದ ತೆಗೆದು ಕಂಕುಳಲ್ಲಿ ಇರುಕಿಕೊಂಡು ಶೆಡ್ಡಿನ ಕಡೆ ಸರಿದ.

*

ಟ್ರಸ್ಟಿನ ಕಾರ್ಯದರ್ಶಿ ರೇವಣಸಿದ್ದಪ್ಪ ನಿಧಾನವಾಗಿ ನಡೆದು ಬಂದರು. ಹಣೆತುಂಬ ವಿಭೂತಿ, ಗರಿಗರಿ ಬಿಳಿ ಪಂಚೆ. ಈ ಜಾಗವನ್ನು ಮ್ಯೂಸಿಯಮ್ಮಿಗೆ ದಾನ ಕೊಟ್ಟವರೂ ಅವರೇ. ಅವರು ದನಿ ಏರಿಸಿದ್ದನ್ನು ಕೇಳಿದವರು ಹೊಸದುರ್ಗದಲ್ಲಿ ಇಲ್ಲ ಎನ್ನುತ್ತಿದ್ದರು.

"ಬಿಸ್ಲಾಗೆ ಯಾಕಮ್ಮ ನಿಂತೀರಿ? ಬರ್ರಿ, ಶೆಡ್ಡಿನ ನೆಳ್ಳಾಗೆ ಕುಂತ್ಕಳ್ರಿ."

"ನಿಂತೇ ಮಾತಾಡ್ತೀನಿ ಯಜಮಾನ್ರೆ. ರಂಗೇಶ್ ಬೇಗ ಸುದ್ದಿ ಮುಟ್ಟಿಸ್ದಂಗೆ ಕಾಣ್ತೈತೆ. ಬಾವಿ ಮುಚ್ಚಿಸಿದ್ದು ನೀವೇ ಅಲ್ವಾ?"

"ನಾನೇ. ಅದ್ರಾಗೆ ತಪ್ಪೇನೈತೆ? ಹಾಳು ಬಾವಿ, ದನ ಬೀಳ್ತಿದ್ವು."

"ಅಳತೆ ನಕ್ಷೇಲಿ ಯಾಕೆ ತೋರಿಸ್ಲಿಲ್ಲ?"

"ಹಳೇ ಕಾಲದ ಬಾವಿ ಐತೆ ಅಂದ್ರೆ ಪರ್ಮಿಷನ್ನಿಗೆ ಆ ಇಲಾಖೆ ಈ ಇಲಾಖೆ ಅಂತ ವರ್ಷಗಟ್ಲೆ ಓಡಾಡ್ಬೇಕು. ನಲವತ್ತು ದೇಶದೋರು ಕಾಯ್ತಾರೇನಮ್ಮ?"

ಉತ್ತರಗಳು ಮೊದಲೇ ಸಿದ್ಧವಾಗಿದ್ದವು. ಸುಮಿತ್ರಾ ಕಾಲಿನಿಂದ ಮುಳ್ಳಿನ ಕಡೆ ತೋರಿಸಿದಳು.

"ಕೊಳವೆ ಬಿಟ್ಟಿದ್ರಿ."

"ಬಿಡ್ದೆ ಇರಾಕಾಗ್ತದಾ? ಮಕ್ಳು ಮೊಮ್ಮಕ್ಳು ಇರೋರು ನಾವು." ಆ ಮಾತೊಂದು ಮಾತ್ರ ಒಳಗಿನಿಂದ ಬಂದಿತ್ತು. ಹೇಳುವಾಗ ಅವರ ಕೈ ತಾನಾಗಿಯೇ ಕೊರಳಿನ ಲಿಂಗದ ಕರಡಿಗೆಗೆ ಹೋಯಿತು.

"ಆಮೇಲೆ ಅದನ್ನೂ ಮುಚ್ಚಿದ್ರಿ. ನಿಮ್ಮ ಕೈಯಾರೆ. ಯಾಕೆ?"

ರೇವಣಸಿದ್ದಪ್ಪ ಚಪ್ಪಲಿಗಾಲಿನಿಂದ ಮುಳ್ಳನ್ನು ಮತ್ತೆ ಕೊಳವೆಯ ಮೇಲೆ ತಳ್ಳಿದರು.

"ನೂರಾ ಹದಿನೇಳು ಯಾರ್ದು?" ಎಂದರು ಅವರು.

"ನಾನು ಕೇಳಿದ್ದು ಬೇರೆ."

"ನಾನು ಕೇಳೋದು ಇದೊಂದೇ. ಹತ್ತೊಂಬತ್ತು ದಿನದಿಂದ ಇದೊಂದನ್ನೇ ಕೇಳ್ತಾ ಅದೀನಿ. ನಕ್ಷೆಗಳನ್ನ ಗೋಡೆಗೆ ಹಾಕ್ದ ದಿನ ನೋಡ್ದೆ. ಸಂಜೆ ಶರಣನ್ನ ಕರ್ದು ಕೇಳ್ದೆ. ಹೆಸರು ಹೇಳಾಕೆ ನಿಯಮ ಇಲ್ಲ ಸಾರ್ ಅಂದ. ಬೆಳಗಾಗೋದ್ರಾಗೆ ಪಟ್ಟಿ ಸಮೇತ ಮಾಯ."

"ಅವ್ನು ಎಲ್ಲಿ, ಹೆಂಗಿದಾನೆ ಅಂತ ನೀವು ಒಂದ್ಸಲನೂ ಕೇಳಿಲ್ಲ."

"ಅವ್ನ ಉಸಾಬರಿ ನಂಗೆ ಬ್ಯಾಡ. ಅವ್ನು ಸಿಕ್ರೆ ಹೆಸರು ಸಿಗ್ತದೆ ಅಂತಾನೇ ನಿಮ್ಮನ್ನ ಹಾಲಿನೊಳಗೆ ಬಿಟ್ಟಿದ್ದು. ನಾಳೆ ಹನ್ನೊಂದಕ್ಕೆ ಆಯಮ್ಮ ಪೆಟ್ಟಿಗೆ ತೆಗೀತಾಳೆ. ಪೇಪರ್ನೋರೆಲ್ಲ ಬಂದಿರ್ತಾರೆ. ಅದಕ್ಕೆ ಮುಂಚೆ ನಂಗೆ ಹೆಸರು ಬೇಕು."

ಸುಮಿತ್ರಾಳಿಗೆ ಈಗ ಎಲ್ಲ ಬಿಡಿಸಿ ಕಂಡಿತು. ನಾಳೆ ಹನ್ನೊಂದಾದರೆ ಆ ಹೆಸರು ಊರಿಗೆಲ್ಲ ಗೊತ್ತಾಗುತ್ತದೆ, ಆಮೇಲೆ ಆ ಮನುಷ್ಯನ ಕೂದಲು ಕೊಂಕಿದರೂ ಕೇಳುವವರಿರುತ್ತಾರೆ. ಇವತ್ತು ಸಿಕ್ಕಿಬಿದ್ದರೆ ಕೇಳುವವರೇ ಇಲ್ಲ. ನಂಬರು ನಂಬರಾಗಿಯೇ ಇರುವಷ್ಟು ಹೊತ್ತು ಅದನ್ನು ಬರೆದವರು ಬದುಕಿರುತ್ತಾರೆ. ಶರಣ್ ಓಡಿಹೋದದ್ದು ಅದಕ್ಕೇ, ಯಾರದೋ ಹೆಸರನ್ನು ಎದೆಯಲ್ಲಿಟ್ಟುಕೊಂಡು. ಕಳ್ಳನೆನ್ನಿಸಿಕೊಂಡ ಆ ಹುಡುಗನ ಬಗ್ಗೆ ಅವಳಿಗೆ ಮೊದಲ ಸಲ ಹೆಮ್ಮೆಯೆನಿಸಿತು.

"ಯಾರ್ದು ಅಂತ ನಂಗೆ ಗೊತ್ತಿಲ್ಲ. ಗೊತ್ತಿದ್ರೂ ಹೇಳ್ತಿರ್ಲಿಲ್ಲ," ಎಂದಳು.

ಗೊತ್ತಿಲ್ಲ ಎಂದದ್ದು ನಿಜವೇ. ಟ್ರಸ್ಟಿನಲ್ಲಿ ಕೆಲಸ ಮಾಡುವವರು ಸ್ಪರ್ಧಿಸಕೂಡದು ಎಂಬ ನಿಯಮವನ್ನು ಅವಳೂ ಓದಿದ್ದಳು. ಓದಿ, ನಂಬಿ, ಒಂದು ಹೆಸರನ್ನು ಮನಸ್ಸಿನಿಂದ ಹೊಡೆದುಹಾಕಿದ್ದಳು.

"ಸುಮಿತ್ರಮ್ಮಾ!"

ಬೇಲಿಯ ಕಡೆಯಿಂದ ದಾಕ್ಷಾಯಣಮ್ಮ ಬರುತ್ತಿದ್ದರು. ನೋಯುವ ಕಾಲನ್ನು ಎಳೆದುಕೊಂಡು, ಅರ್ಧ ಓಡುತ್ತಾ. ಎದೆಗೆ ಆ ಕಿರುಪುಸ್ತಕವನ್ನು ಅವಚಿಕೊಂಡಿದ್ದರು. ಸುಮ್ಮನೆ ಕೂತು ಬೇಜಾರಾಗಿ ಹಿಂದಿನ ಸೀಟಿನಿಂದ ಎತ್ತಿಕೊಂಡಿರಬೇಕು.

ಸುಮಿತ್ರಾ ಕೈಯೆತ್ತಿ ತಡೆದಳು. ಆ ತಾಯಿಯ ಕಣ್ಣಲ್ಲಿ ನೀರು ತುಂಬಿತ್ತು, ಕೈ ಕಾಣಿಸಲಿಲ್ಲ.

"ನೋಡ್ರಿ ಇಲ್ಲಿ! ಇದು ನಾನು ಕಣ್ರಿ! ನಾನೇ!"

ಪುಟ ತೆರೆದು ಹಿಡಿದರು. ಗೋಡೆಯ ಎತ್ತರ ತಿಳಿಯಲೆಂದು ನಕ್ಷೆಯಲ್ಲಿ ಅಲ್ಲಲ್ಲಿ ಮನುಷ್ಯರನ್ನು ಬರೆದಿರುತ್ತಾರೆ, ಅವರ ಮುಖವನ್ನು ಯಾರೂ ನೋಡುವುದಿಲ್ಲ. ಗೋಡೆ ಬಾಗಿದ ಕಡೆ ಅಂಥ ಒಬ್ಬಳು ಗಿಡ್ಡ ಹೆಂಗಸು ನಿಂತಿದ್ದಳು. ಕೊರಳಿಗೆ ದರ್ಜಿಯ ಟೇಪು. ದಾರ ಕಟ್ಟಿದ ಕನ್ನಡಕ. ಎಡಗಾಲಿನ ಹಿಮ್ಮಡಿ ನೆಲಕ್ಕೆ ತಾಗಿರಲಿಲ್ಲ.

"ಎಂಟನೇ ಕ್ಲಾಸಿಂದ ನನ್ನ ಹಿಂಗೇ ಬರೀತಾನೆ. ನೋಟ್ ಬುಕ್ಕಿನಾಗೆ, ಬ್ಲೌಸಿನ ಅಳತೆ ಚೀಟಿ ಹಿಂದೆ, ಎಲ್ಲ ಕಡೆ. ಇದು ನನ್ನ ಶರಣಂದೇ ಕೈ. ಕಳ್ಳ ಅಂದ್ರಲ್ಲ ಇವ್ರೆಲ್ಲ, ನೋಡ್ರಿ ಎಷ್ಟು ಚೆಂದ ಬರ್ದವ್ನೆ!"

ಸುಮಿತ್ರಾಳಿಗೆ ತಿರುಗಿ ನೋಡುವ ಅಗತ್ಯವಿರಲಿಲ್ಲ, ಆದರೂ ನೋಡಿದಳು. ರೇವಣಸಿದ್ದಪ್ಪ ಪುಟದ ಮೇಲಿನ ನಂಬರನ್ನು ಓದುತ್ತಿದ್ದರು.

"ಅಮ್ಮಾ, ಸಾಕು. ಬರ್ರಿ, ಕಾರಿಗೆ ಹೋಗಾಣ." ಅವಳು ದಾಕ್ಷಾಯಣಮ್ಮನ ತೋಳು ಹಿಡಿದಳು.

ರೇವಣಸಿದ್ದಪ್ಪ ಎರಡೂ ಕೈಯಿಂದ, ಪ್ರಸಾದ ತೆಗೆದುಕೊಳ್ಳುವಂತೆ, ಆ ಪುಸ್ತಕವನ್ನು ತೆಗೆದುಕೊಂಡರು. ಮುಖದಲ್ಲಿ ಎಂಥದೋ ಭಾರ ಇಳಿದ ಶಾಂತಿ.

"ಭಾಳ ಚೆಂದ ಬರ್ದವ್ನೆ ತಾಯಿ. ನಾವೇ ತಪ್ಪು ತಿಳ್ಕಂಡಿದ್ವಿ. ಇಂಥಾ ಕೈ ಸುಮ್ನೆ ಬರಾದಿಲ್ಲ. ಯಾರು ಕಲ್ಸಿದ್ರು ಅವ್ನಿಗೆ?"

"ಹೇಳ್ಬೇಡ್ರಿ ಅಮ್ಮ!"

ಸುಮಿತ್ರಾ ಕೂಗಿಯೇಬಿಟ್ಟಳು. ಆದರೆ ಹತ್ತೊಂಬತ್ತು ದಿನದಿಂದ ಮಗನನ್ನು ಬೈದವರನ್ನಷ್ಟೇ ಕಂಡಿದ್ದ ಹೆಂಗಸು ಅದು. ಇವತ್ತು, ಮೊದಲನೇ ಸಲ, ದೊಡ್ಡವರೊಬ್ಬರು ಅವನನ್ನು ಹೊಗಳಿದ್ದರು. ಯಾವ ಕೂಗೂ ಆ ಕಿವಿಗೆ ಬೀಳುವಂತಿರಲಿಲ್ಲ.

"ರಾಮಾಂಜನೇಯ ಅಂತ ಡ್ರಾಯಿಂಗ್ ಮೇಷ್ಟ್ರು ಸ್ವಾಮಿ. ರಿಟೈರ್ ಆಗಿ ಆದಿವಾಲದಾಗೆ ಅವ್ರೆ, ಕಾಲುವೆ ಪಕ್ಕ ಒಂಟಿ ಮನೆ. ಇವ್ನಿಗೆ ಅವ್ರಂದ್ರೆ ಜೀವ. ಅವ್ರು ನಮ್ಮೂರಾಗಿದ್ದ ಕಾಲಕ್ಕೆ ನಾನು ಹೊಡದ್ರೂ ಸೈಕಲ್ ತಗಂಡು ಅವ್ರ ಮನೇಗೇ ಓಡ್ತಿದ್ದ."

ನೆಂಟರ ಹೆಸರು ಕೇಳಿದ್ದಳು ಸುಮಿತ್ರಾ, ಗೆಳೆಯರ ಹೆಸರು ಕೇಳಿದ್ದಳು, ಕೂಡಿ ಓದಿದವರ ಹೆಸರು ಕೇಳಿದ್ದಳು. ಇಪ್ಪತ್ತಾರು ಮನೆ ತಿರುಗಿದ್ದಳು. ಮೇಷ್ಟ್ರು ಯಾರೆಂದು ಮಾತ್ರ ಕೇಳಿರಲಿಲ್ಲ. ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

ರೇವಣಸಿದ್ದಪ್ಪ ಪುಸ್ತಕ ಮಡಚಿ ದಾಕ್ಷಾಯಣಮ್ಮನ ಕೈಗಿಟ್ಟು, ಬಗ್ಗಿ ಕೈಮುಗಿದರು. ಆಮೇಲೆ ಬಂದ ಹಾಗೇ ನಿಧಾನವಾಗಿ ನಡೆದರು. ಬೇಲಿ ಮುಟ್ಟುವ ಮೊದಲೇ ಫೋನು ಕಿವಿಗೆ ಹೋಗಿತ್ತು.

"ರಂಗೇಶ, ಹಿರಿಯೂರಾಗೆ ನಮ್ಮ ಹುಡುಗ್ರು ಯಾರವ್ರೆ? ಆದಿವಾಲಕ್ಕೆ ಹೋಗಾಕೆ ಹೇಳು. ಹತ್ತು ನಿಮಿಷದ ದಾರಿ."

ಮತ್ತೋಡಿನಿಂದ ಆದಿವಾಲಕ್ಕೆ ಎಷ್ಟು ವೇಗವಾಗಿ ಓಡಿಸಿದರೂ ಒಂದು ಗಂಟೆಗೆ ಕಡಿಮೆಯಿಲ್ಲ. ಸುಮಿತ್ರಾ ಕಾರಿನ ಕೀಲಿಗೆ ಪರ್ಸಿನಲ್ಲಿ ಕೈ ಹಾಕಿದಳು. ಕೀಲಿ ಹಿಡಿದು ದಾಕ್ಷಾಯಣಮ್ಮನ ಕಡೆ ತಿರುಗಿದಳು.

ದಾಕ್ಷಾಯಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಹೊರಟ ಬಿಳಿ ಕಾರಿನ ಕಡೆ ಕೈಮುಗಿದು ನಿಂತಿದ್ದರು.

"ಎಂಥಾ ದೊಡ್ ಮನುಷ್ರು ನೋಡ್ರಿ. ಈಗಿಂದೀಗ್ಲೇ ಜನ ಕಳಿಸ್ತವ್ರೆ. ಇನ್ನೇನು, ಸಂಜೆ ಊಟಕ್ಕೆ ನನ್ನ ಮಗ ಮನೇಲಿರ್ತಾನೆ, ಅಲ್ವಾ ಸುಮಿತ್ರಮ್ಮ?"